ತಿದ್ದುವುದನ್ನು ಬಿಟ್ಟ ಮೇಲೆ

ಅಪ್ಪ ನಲವತ್ತು ವರ್ಷ ಅಚ್ಚುಕೂಟದಲ್ಲಿ ಅಕ್ಷರದ ಅಚ್ಚುಮೊಳೆ ಜೋಡಿಸಿದವರು. ನಿವೃತ್ತರಾದ ಮೇಲೂ ಕೆಂಪು ಪೆನ್ನು ಕೈಯಲ್ಲಿಲ್ಲದೆ ಅವರು ಬೆಳಗಿನ ಪತ್ರಿಕೆ ಓದಿದ್ದನ್ನು ನಾನು ನೋಡಿಲ್ಲ. ಒತ್ತಕ್ಷರ ತಪ್ಪಿದ್ದರೆ, ಅಲ್ಪಪ್ರಾಣ ಇರಬೇಕಾದಲ್ಲಿ ಮಹಾಪ್ರಾಣ ಬಂದಿದ್ದರೆ ಅದಕ್ಕೊಂದು ಸುತ್ತು ಹಾಕಿ, ಅಂಚಿನಲ್ಲಿ ಸರಿಯಾದ ರೂಪವನ್ನು ಬರೆದ ಮೇಲೆಯೇ ಹಾಳೆಯನ್ನು ಮಡಚುತ್ತಿದ್ದರು. ಅವರಿಗೆ 72 ವರ್ಷವಾಗಿದ್ದಾಗ, ಒಂದು ದಿನ ಹಳೆಯ ಪತ್ರಿಕೆಗಳನ್ನು ಕಟ್ಟಿಡುತ್ತಿದ್ದ ನನಗೆ ಆ ಕೆಂಪು ಸುತ್ತುಗಳು ಸರಿಯಾದ ಪದಗಳ ಮೇಲೆ ಬಿದ್ದಿರುವುದು ಕಂಡಿತು. ಅಂಚಿನಲ್ಲಿ ಬರೆದಿದ್ದುದೂ ಅದೇ ಪದ. ಅದರ ಕೆಳಗೆ ಮತ್ತೊಮ್ಮೆ ಅದೇ ಪದ, ಅದರ ಕೆಳಗೆ ಇನ್ನೊಮ್ಮೆ. ಕಣ್ಣು ಮಂಜಾಗಿರಬೇಕೆಂದುಕೊಂಡು ಕಣ್ಣಿನ ವೈದ್ಯರಿಗೆ ತೋರಿಸಿ ಹೊಸ ಕನ್ನಡಕ ಮಾಡಿಸಿದೆ. ಒಂದೂವರೆ ವರ್ಷ ಹೀಗೆಯೇ ಕಳೆದುಹೋಯಿತು.

ಆ ಒಂದೂವರೆ ವರ್ಷದಲ್ಲಿ ಅಮ್ಮ ಎಷ್ಟನ್ನು ಮುಚ್ಚಿಟ್ಟಿದ್ದರು ಎನ್ನುವುದು ನನಗೆ ತಿಳಿದದ್ದು ಬಹಳ ತಡವಾಗಿ. ಯಾರಾದರೂ ಅಪ್ಪನನ್ನು ಏನಾದರೂ ಕೇಳಿದರೆ ಅಪ್ಪ ಬಾಯಿ ತೆರೆಯುವ ಮೊದಲೇ ಅಮ್ಮ ಉತ್ತರ ಕೊಡುತ್ತಿದ್ದರು; ಸಂಜೆ ನಡೆಯಲು ಹೋದ ಅಪ್ಪ ದಾರಿ ತಪ್ಪದಂತೆ ತಾವೂ ಜೊತೆಗೆ ಹೋಗುತ್ತಿದ್ದರು; ಅಂಗಿಯ ಗುಂಡಿ ಮೇಲೆ ಕೆಳಗಾಗಿದ್ದರೆ ನಾವು ಏಳುವಷ್ಟರಲ್ಲಿ ಸರಿಪಡಿಸಿರುತ್ತಿದ್ದರು. ಕೇಳಿದರೆ “ವಯಸ್ಸಾಯಿತಲ್ಲಪ್ಪ” ಎನ್ನುತ್ತಿದ್ದರು. ಅದು ಸುಳ್ಳಾಗಿರಲಿಲ್ಲ, ಅವರ ಮಟ್ಟಿಗೆ ಅದೊಂದು ಆಸೆಯಾಗಿತ್ತು. ಮರೆವಿನ ಕಾಯಿಲೆ ಇರುವ ಅನೇಕ ಮನೆಗಳಲ್ಲಿ ಗಂಡ ಅಥವಾ ಹೆಂಡತಿ ಹೀಗೆ ಮೌನವಾಗಿ ಊರುಗೋಲಾಗಿರುತ್ತಾರೆ; ಆ ಊರುಗೋಲು ಒಂದು ವಾರ ಪಕ್ಕಕ್ಕೆ ಸರಿದಾಗಲಷ್ಟೇ ಉಳಿದವರಿಗೆ ಕಾಯಿಲೆ ಕಣ್ಣಿಗೆ ಬೀಳುತ್ತದೆ. ನಮ್ಮ ಮನೆಯಲ್ಲೂ ಅಮ್ಮ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ನಾಲ್ಕು ದಿನ ತಂಗಿಯ ಮನೆಯಲ್ಲಿ ಉಳಿದಾಗಲೇ ಅಪ್ಪನಿಗೆ ಸ್ನಾನದ ಮನೆಯಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎನ್ನುವುದು ತಿಳಿಯುತ್ತಿಲ್ಲವೆಂದು ನಮಗೆ ಗೊತ್ತಾದದ್ದು.

ನರರೋಗ ತಜ್ಞರು ಮೊದಲು ಮಾಡಿದ್ದು ಬೇರೆ ಕಾರಣಗಳನ್ನು ಹುಡುಕುವ ಕೆಲಸ. ಥೈರಾಯ್ಡ್ ಏರುಪೇರಾಗಿದ್ದರೂ, ಬಿ12 ಜೀವಸತ್ವ ಕಡಿಮೆಯಾಗಿದ್ದರೂ, ಎಂದೋ ಬಿದ್ದ ಪೆಟ್ಟಿನಿಂದ ತಲೆಬುರುಡೆಯ ಒಳಗೆ ರಕ್ತ ನಿಧಾನವಾಗಿ ಸೇರಿಕೊಂಡಿದ್ದರೂ, ಖಿನ್ನತೆ ಆಳವಾಗಿದ್ದರೂ ಮರೆವು ಕಾಣಿಸಿಕೊಳ್ಳಬಹುದು. ಅವುಗಳಲ್ಲಿ ಹಲವಕ್ಕೆ ಚಿಕಿತ್ಸೆ ಇದೆ. ರಕ್ತಪರೀಕ್ಷೆ, ಮಿದುಳಿನ ಸ್ಕ್ಯಾನ್ ಎಲ್ಲ ಮುಗಿದ ಮೇಲೆ, 30 ಅಂಕಗಳ ಒಂದು ಪ್ರಶ್ನಾವಳಿಯಲ್ಲಿ ಅಪ್ಪನಿಗೆ 19 ಬಂದವು. ಮೂರು ಪದಗಳನ್ನು ಹೇಳಿ ಐದು ನಿಮಿಷದ ನಂತರ ಕೇಳಿದಾಗ ಅವರಿಗೆ ಒಂದೂ ನೆನಪಿಗೆ ಬರಲಿಲ್ಲ. ಅಂತಹ ಪದಗಳನ್ನು ತಮಗೆ ಯಾರೂ ಹೇಳಿಯೇ ಇಲ್ಲವೆಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಗಡಿಯಾರದ ಚಿತ್ರ ಬರೆಯಲು ಹೇಳಿದಾಗ ವೃತ್ತವೇನೋ ಅಂದವಾಗಿಯೇ ಬಂತು, ಆದರೆ ಹನ್ನೆರಡೂ ಅಂಕಿಗಳು ಬಲಗಡೆಯ ಅರ್ಧದಲ್ಲಿ ಒಂದರ ಮೇಲೊಂದು ಇಕ್ಕಟ್ಟಾಗಿ ನಿಂತವು. ಅಪ್ಪ ಅದನ್ನು ಬಹಳ ಹೊತ್ತು ನೋಡಿದರು. ಎಲ್ಲೋ ತಪ್ಪಾಗಿದೆ ಎನ್ನುವುದು ಅವರಿಗೆ ತಿಳಿದಿತ್ತು, ಎಲ್ಲಿ ಎನ್ನುವುದು ತಿಳಿಯಲಿಲ್ಲ. ಕೊನೆಗೆ ಹಾಳೆಯನ್ನು ವೈದ್ಯರ ಕಡೆಗೆ ಸರಿಸಿ, “ಇದು ಮೊದಲನೇ ಪ್ರೂಫು ಡಾಕ್ಟರೇ, ಇನ್ನೂ ತಿದ್ದಬೇಕು” ಎಂದರು.

ಡಿಮೆನ್ಷಿಯಾ ಎನ್ನುವುದು ಒಂದೇ ಕಾಯಿಲೆಯ ಹೆಸರಲ್ಲವೆಂದೂ, ಮಿದುಳನ್ನು ಹಾಳುಮಾಡುವ ಹಲವು ಕಾಯಿಲೆಗಳಿಂದ ಉಂಟಾಗುವ ಸ್ಥಿತಿಯೆಂದೂ, ಅವುಗಳಲ್ಲಿ ಆಲ್ಝೈಮರ್ ಕಾಯಿಲೆಯ ಪಾಲು ನೂರಕ್ಕೆ 60ರಿಂದ 70ರಷ್ಟು ಇರುತ್ತದೆಂದೂ ವೈದ್ಯರು ವಿವರಿಸಿದರು. ಆಲೋಯಿಸ್ ಆಲ್ಝೈಮರ್ ಎಂಬ ಜರ್ಮನ್ ವೈದ್ಯ 1901ರಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಯಲ್ಲಿ 51 ವರ್ಷದ ಒಬ್ಬ ಮಹಿಳೆಯನ್ನು ಪರೀಕ್ಷಿಸಿ, ಆಕೆ ತೀರಿಕೊಂಡ ಮೇಲೆ ಮಿದುಳಿನಲ್ಲಿ ಕಂಡದ್ದನ್ನು 1906ರಲ್ಲಿ ವರದಿ ಮಾಡಿದರೆಂದು ನಾನು ಆಮೇಲೆ ಓದಿಕೊಂಡೆ. ಅಷ್ಟು ವರ್ಷಗಳ ನಂತರವೂ ಕಾಯಿಲೆಯನ್ನು ಹಿಂದಕ್ಕೆ ತಿರುಗಿಸುವ ಔಷಧಿ ಇಲ್ಲವೆಂಬುದನ್ನು ಒಪ್ಪಿಕೊಳ್ಳುವುದು ಸುಲಭವಾಗಿರಲಿಲ್ಲ. ಅಪ್ಪನಿಗೆ ಬರೆದುಕೊಟ್ಟ ಡೊನೆಪೆಝಿಲ್ ಮಾಡುವುದಿಷ್ಟೇ: ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬೇಗನೆ ಒಡೆದುಹೋಗದಂತೆ ತಡೆದು, ಉಳಿದಿರುವ ಜೀವಕೋಶಗಳಿಗೆ ಸ್ವಲ್ಪ ಕಾಲ ಆಸರೆಯಾಗುತ್ತದೆ. ರಾತ್ರಿ ಮಲಗುವಾಗ ಕೊಟ್ಟರೆ ಅಪ್ಪನಿಗೆ ಭಯಂಕರ ಕನಸುಗಳು ಬೀಳುತ್ತಿದ್ದವು. ವೈದ್ಯರನ್ನು ಕೇಳಿ ಬೆಳಗಿನ ಹೊತ್ತಿಗೆ ಬದಲಾಯಿಸಿದ ಮೇಲೆ ಅದು ನಿಂತಿತು. ಇಂತಹದ್ದನ್ನು ಕೇಳಲು ಸಂಕೋಚಪಟ್ಟು ಒಂದು ತಿಂಗಳು ಅವರನ್ನು ಹೆದರಿಕೆಯಲ್ಲಿ ಮಲಗಿಸಿದೆನಲ್ಲ ಎಂಬ ನೋವು ನನಗಿದೆ.

ಮನೆಯ ಆರೈಕೆ ಎಂದರೆ ಔಷಧಿ, ಊಟ, ಸ್ವಚ್ಛತೆ ಎಂದು ನಾನು ತಿಳಿದಿದ್ದೆ. ಮೊದಲ ಎರಡು ವರ್ಷ ನನ್ನ ಶಕ್ತಿಯೆಲ್ಲ ವ್ಯರ್ಥವಾದದ್ದು ಬೇರೊಂದು ಕೆಲಸದಲ್ಲಿ: ಅಪ್ಪನನ್ನು ತಿದ್ದುವುದರಲ್ಲಿ. ಇವತ್ತು ಭಾನುವಾರವಲ್ಲ, ಬುಧವಾರ. ಊಟ ಆಗಲೇ ಆಯಿತು. ಅಚ್ಚುಕೂಟ ಮುಚ್ಚಿ ಹದಿನೈದು ವರ್ಷವಾಯಿತು. ಬೆಳಗಿನಿಂದ ರಾತ್ರಿಯವರೆಗೆ ನಾನು ಹೀಗೆ ಕೆಂಪು ಪೆನ್ನು ಹಿಡಿದವನಂತೆ ಅವರ ಮಾತುಗಳಿಗೆ ಸುತ್ತು ಹಾಕುತ್ತಿದ್ದೆ. ಮತ್ತೆ ಮತ್ತೆ ಸರಿಯಾದದ್ದನ್ನು ಹೇಳುತ್ತಿದ್ದರೆ ಅವರ ನೆನಪು ನಮ್ಮ ಕಡೆಗೇ ನಿಲ್ಲುತ್ತದೆ ಎಂಬುದು ನನ್ನ ನಂಬಿಕೆಯಾಗಿತ್ತು. ತಪ್ಪನ್ನು ಕಂಡೂ ಸುಮ್ಮನಿರಬಾರದೆಂದು ನನಗೆ ಕಲಿಸಿದವರೂ ಅವರೇ.

ಒಂದು ಸಂಜೆ ಅವರು “ಅವ್ವ ಎಲ್ಲಿ? ಇಷ್ಟು ಹೊತ್ತಾದರೂ ಬರಲಿಲ್ಲವಲ್ಲ” ಎಂದು ಕೇಳಿದರು. “ಅಜ್ಜಿ ತೀರಿಕೊಂಡು ಮೂವತ್ತು ವರ್ಷವಾಯಿತಪ್ಪ” ಎಂದೆ. ಅವರ ಮುಖ ಒಡೆದುಹೋಯಿತು. ತಾಯಿ ಸತ್ತ ಸುದ್ದಿಯನ್ನು ಆಗತಾನೇ ಕೇಳಿದ ಮಗನಂತೆ, ತಮಗೆ ಯಾರೂ ಯಾಕೆ ಹೇಳಲಿಲ್ಲವೆಂದು ಬಿಕ್ಕಿ ಬಿಕ್ಕಿ ಅತ್ತರು. ಸುಮಾರು ಅರ್ಧ ಗಂಟೆಯ ನಂತರ ಕಣ್ಣೀರು ಒಣಗಿತು, ಅತ್ತದ್ದು ಮರೆತಿತು, ಮತ್ತೆ ಬಾಗಿಲ ಕಡೆ ನೋಡಿ “ಅವ್ವ ಎಲ್ಲಿ?” ಎಂದರು. ನಾನು ಮತ್ತೆ ಅದೇ ನಿಜವನ್ನು ಹೇಳಿದೆ. ಆ ಒಂದು ಸಂಜೆಯಲ್ಲಿ ಮೂರು ಸಲ ನಾನು ಅವರ ತಾಯಿಯನ್ನು ಅವರ ಕಣ್ಣೆದುರು ಸಾಯಿಸಿದೆ.

ಇದನ್ನು ನಾನು ಆಸ್ಪತ್ರೆಯ ಮೆಮೊರಿ ಕ್ಲಿನಿಕ್‌ನ ಶುಶ್ರೂಷಕಿಯೊಬ್ಬರ ಬಳಿ ಹೇಳಿಕೊಂಡಾಗ ಅವರು ಬಿಡಿಸಿ ಹೇಳಿದರು. ಹೊಸ ಸಂಗತಿಗಳನ್ನು ಬರೆದಿಟ್ಟುಕೊಳ್ಳುವ ಹಿಪ್ಪೊಕ್ಯಾಂಪಸ್ ಎಂಬ ಭಾಗಕ್ಕೆ ಆಲ್ಝೈಮರ್ ಕಾಯಿಲೆ ಬೇಗನೆ ಪೆಟ್ಟು ಕೊಡುವುದರಿಂದ ನಾನು ಹೇಳಿದ ನಿಜ ಅಲ್ಲಿ ನಿಲ್ಲುವುದೇ ಇಲ್ಲ. ಆದರೆ ಆ ಮಾತು ಎಬ್ಬಿಸಿದ ದುಃಖ ಮಾತ್ರ ಮಾತು ಮರೆತ ಮೇಲೂ ಬಹಳ ಹೊತ್ತು ಮೈಯಲ್ಲಿ ಉಳಿಯುತ್ತದೆ. “ಅವರು ಕೇಳುತ್ತಿರುವುದು ಅಜ್ಜಿ ಬದುಕಿದ್ದಾರೆಯೇ ಎಂದಲ್ಲ, ಸಾರ್. ಸಂಜೆಯಾಯಿತು, ಭಯವಾಗುತ್ತಿದೆ, ನನ್ನವರು ಯಾರಾದರೂ ಹತ್ತಿರ ಇದ್ದಾರೆಯೇ ಎಂದು ಕೇಳುತ್ತಿದ್ದಾರೆ. ಆ ಪ್ರಶ್ನೆಗೆ ಉತ್ತರ ಕೊಡಿ” ಎಂದರು.

ಹಾಗೆ ಮಾಡುವುದು ಸುಳ್ಳು ಹೇಳಿದಂತಾಗುವುದಿಲ್ಲವೇ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. “ಅಜ್ಜಿ ಈಗ ಬರುತ್ತಾರೆ” ಎನ್ನಲು ನನಗೆ ಆಗಲಿಲ್ಲ, ಇಂದಿಗೂ ಆಗುವುದಿಲ್ಲ; ಅವರು ಬಾಗಿಲ ಬಳಿ ಕಾಯುತ್ತ ನಿಂತುಬಿಡುತ್ತಾರೆ ಎನ್ನುವುದು ಒಂದು ಕಾರಣ. ಆದರೆ ನಿಜವನ್ನು ಒತ್ತಿ ಹೇಳುವುದಕ್ಕೂ ಸುಳ್ಳು ಹೇಳುವುದಕ್ಕೂ ನಡುವೆ ಸಾಕಷ್ಟು ಜಾಗವಿದೆ ಎನ್ನುವುದು ನಿಧಾನವಾಗಿ ತಿಳಿಯಿತು. ಮರುದಿನ ಅವರು ಕೇಳಿದಾಗ ಪಕ್ಕದಲ್ಲಿ ಕುಳಿತು, ಕೈ ಹಿಡಿದು, “ಅಜ್ಜಿ ನೆನಪಾದರಾ ಅಪ್ಪ? ನಿಮ್ಮನ್ನು ಸಂಜೆ ಹೊತ್ತು ಏನಂತ ಕರೆಯುತ್ತಿದ್ದರು?” ಎಂದೆ. ಅವರು ಒಂದು ಹೆಸರು ಹೇಳಿದರು. ಐವತ್ತು ವರ್ಷದ ನನ್ನ ಬದುಕಿನಲ್ಲಿ ನಾನು ಒಮ್ಮೆಯೂ ಕೇಳದಿದ್ದ ಮುದ್ದಿನ ಹೆಸರು ಅದು. ಆಮೇಲೆ ಇಪ್ಪತ್ತು ನಿಮಿಷ ಅವರು ತಾಯಿಯ ಬಗ್ಗೆ ಮಾತನಾಡಿದರು, ಬಾಗಿಲ ಕಡೆ ನೋಡಲಿಲ್ಲ.

ಸ್ನಾನದ ವಿಷಯದಲ್ಲಿಯೂ ನಾವು ಹೀಗೆಯೇ ಎಡವಿ ಕಲಿತದ್ದು. ಅಪ್ಪ ಸ್ನಾನವೆಂದರೆ ಕೂಗಾಡುತ್ತಿದ್ದರು, ಒಮ್ಮೆ ನನ್ನ ಮಣಿಕಟ್ಟಿಗೆ ಹೊಡೆದರು. ಇದನ್ನು ಹಠವೆಂದುಕೊಂಡ ನಾನು ಆದಷ್ಟು ಬೇಗ ಮುಗಿಸಿಬಿಡೋಣವೆಂದು ಬಲವಂತವಾಗಿ ಕೂರಿಸಿ ನೀರು ಹುಯ್ಯುತ್ತಿದ್ದೆ. ನನ್ನ ಹೆಂಡತಿ ಒಂದು ದಿನ ಬಾಗಿಲ ಹೊರಗಿನಿಂದ ಅವರ ಕೂಗನ್ನು ಗಮನವಿಟ್ಟು ಕೇಳಿ, “ನೀರು ತಲೆಯ ಮೇಲೆ ಬಿದ್ದ ಕೂಡಲೇ ಮಾವ ಕೂಗುತ್ತಾರೆ, ಕಾಲಿಗೆ ಹಾಕುವಾಗ ಸುಮ್ಮನಿರುತ್ತಾರೆ” ಎಂದಳು. ಯೋಚಿಸಿ ನೋಡಿದರೆ ಅದು ಸಹಜವೇ ಆಗಿತ್ತು. ತಾನು ಎಲ್ಲಿದ್ದೇನೆಂದು ಗೊತ್ತಿಲ್ಲದ ಮನುಷ್ಯನನ್ನು ಗುರುತಿಲ್ಲದ ಯಾರೋ ಬಂದು ಬಟ್ಟೆ ಬಿಚ್ಚಿಸಿ, ಕಣ್ಣಿಗೆ ಕಾಣದ ಮೇಲಿನಿಂದ ನೀರು ಸುರಿದರೆ ಯಾರಾದರೂ ಕೈಯೆತ್ತಿಯೇ ಎತ್ತುತ್ತಾರೆ. ಅಂದಿನಿಂದ ಮೊದಲು ಸ್ನಾನದ ಮನೆಯನ್ನು ಬೆಚ್ಚಗೆ ಮಾಡಿ, ಹಿಡಿಯಿರುವ ಗಟ್ಟಿ ಕುರ್ಚಿಯಲ್ಲಿ ಅವರನ್ನು ಕೂರಿಸಿ, ಹೆಗಲಿನಿಂದ ಮಂಡಿಯವರೆಗೆ ದೊಡ್ಡ ಟವೆಲ್ ಹೊದಿಸಿದೆವು. ಟವೆಲ್ ಅವರ ಮೈಮೇಲೆಯೇ ಇರುತ್ತದೆ, ನಾನು ತೊಳೆಯುವ ಭಾಗದಲ್ಲಷ್ಟೇ ಸರಿಸುತ್ತೇನೆ. ನೀರು ಮೊದಲು ಅವರ ಅಂಗೈಗೆ. ಅವರು “ಬಿಸಿ ಸರಿ ಇದೆ” ಎಂದ ಮೇಲೆ ಪಾದಕ್ಕೆ, ಆಮೇಲೆ ಕಾಲಿಗೆ, ಬೆನ್ನಿಗೆ. ಒದ್ದೆ ಬಟ್ಟೆಯೊಂದನ್ನು ಅವರ ಕೈಗೇ ಕೊಟ್ಟು ಎದೆ ಒರೆಸಿಕೊಳ್ಳಲು ಹೇಳಿದರೆ ಕೈಗೆ ಕೆಲಸ ಸಿಗುತ್ತದೆ, ಭಯ ಕಡಿಮೆಯಾಗುತ್ತದೆ. ತಲೆಯನ್ನು ಬೇರೆ ದಿನ, ಬೇರೆ ಹೊತ್ತಿನಲ್ಲಿ, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ದಿನವೂ ಸ್ನಾನವಾಗಲೇಬೇಕೆಂಬ ನಿಯಮವನ್ನು ಕೈಬಿಟ್ಟು ದಿನ ಬಿಟ್ಟು ದಿನ ಮಾಡಿದಾಗ ಅವರ ಚರ್ಮದ ಬಿರುಕುಗಳೂ ಮಾಗಿದವು. ಹತ್ತು ನಿಮಿಷದ ಕೆಲಸಕ್ಕೆ ನಲವತ್ತು ನಿಮಿಷ ಹಿಡಿಯತೊಡಗಿತು, ಕೂಗು ನಿಂತಿತು.

ಮನೆಯ ಒಳಗಿನ ವಸ್ತುಗಳೂ ಅವರಿಗೆ ನಮಗೆ ಕಾಣುವಂತೆ ಕಾಣುತ್ತಿರಲಿಲ್ಲ. ಬಾಗಿಲ ಮುಂದಿನ ಕಪ್ಪು ಕಾಲೊರಸು ಅವರಿಗೆ ಗುಂಡಿಯಾಗಿತ್ತು, ಅದನ್ನು ದಾಟಲು ಹೋಗಿ ಒಮ್ಮೆ ಮುಗ್ಗರಿಸಿದರು, ಅದನ್ನು ತೆಗೆದೆವು. ಕನ್ನಡಿಯಲ್ಲಿದ್ದ ಮುದುಕ ತಮ್ಮನ್ನು ದಿಟ್ಟಿಸಿ ನೋಡುತ್ತಾನೆಂದು ದೂರಿದಾಗ ಕನ್ನಡಿಗೆ ಬಟ್ಟೆ ಹಾಕಿದೆವು. ಬಿಳಿ ತಟ್ಟೆಯಲ್ಲಿ ಬಿಳಿಯ ತಿನಿಸು ಕಾಣದೆ ಹಾಗೆಯೇ ಉಳಿಯುತ್ತಿತ್ತು, ಗಾಢ ಬಣ್ಣದ ತಟ್ಟೆ ತಂದ ಮೇಲೆ ಅವರು ತಾವೇ ಉಂಡರು. ರಾತ್ರಿ ಶೌಚಾಲಯದ ಬಾಗಿಲನ್ನು ತೆರೆದಿಟ್ಟು ಒಳಗೆ ದೀಪ ಉರಿಸಿಟ್ಟರೆ ದಾರಿ ಹುಡುಕುವ ಕಷ್ಟ ತಪ್ಪಿತು. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚುವುದು, ಔಷಧಿಗಳನ್ನು ಬೀಗದೊಳಗಿಡುವುದು, ಹೆಸರು ಮತ್ತು ಫೋನ್ ಸಂಖ್ಯೆ ಇರುವ ಪಟ್ಟಿಯನ್ನು ಕೈಗೆ ಕಟ್ಟುವುದು, ನೆರೆಹೊರೆಯವರಿಗೆ ಮುಚ್ಚುಮರೆಯಿಲ್ಲದೆ ಹೇಳಿಡುವುದು ಇವೆಲ್ಲ ಮೊದಲ ದಿನವೇ ಆಗಬೇಕಾದ ಕೆಲಸಗಳು. ಬ್ಯಾಂಕಿನ ವ್ಯವಹಾರ ಮತ್ತು ಮುಂದಿನ ಚಿಕಿತ್ಸೆಯ ಬಗ್ಗೆ ಅವರ ಇಷ್ಟವನ್ನು ಅವರು ಹೇಳಬಲ್ಲ ಸ್ಥಿತಿಯಲ್ಲಿರುವಾಗಲೇ ಕೇಳಿ ಬರೆದಿಟ್ಟುಕೊಂಡದ್ದು ಮುಂದೆ ನಮ್ಮನ್ನು ಕಾಪಾಡಿತು.

ಸಂಜೆ ಮಾತ್ರ ಬಹಳ ಕಾಲ ಕಷ್ಟವಾಗಿಯೇ ಉಳಿಯಿತು. ಹೊತ್ತು ಮುಳುಗುವ ಸಮಯಕ್ಕೆ ಹೆಚ್ಚಾಗುವ ಈ ತಳಮಳವನ್ನು ವೈದ್ಯರು ಸನ್‌ಡೌನಿಂಗ್ ಎನ್ನುತ್ತಾರೆ. ಅಪ್ಪ ಆ ಹೊತ್ತಿಗೆ “ಮನೆಗೆ ಹೋಗಬೇಕು” ಎಂದು ಅಂಗಿ ಹಾಕಿಕೊಂಡು ನಿಲ್ಲುತ್ತಿದ್ದರು. ಕತ್ತಲಾಗುವ ಮೊದಲೇ ಎಲ್ಲ ದೀಪ ಹಚ್ಚುವುದು, ಟಿವಿ ಆರಿಸುವುದು, ಮಧ್ಯಾಹ್ನದ ನಿದ್ದೆಯನ್ನು ಮೊಟಕುಗೊಳಿಸುವುದು ಸ್ವಲ್ಪ ನೆರವಾದವು. ನಿಜವಾಗಿ ನೆರವಾದದ್ದು ಒಂದು ಮರದ ಪೆಟ್ಟಿಗೆ. ಚಿಕ್ಕ ಚಿಕ್ಕ ಖಾನೆಗಳಿದ್ದ ಆ ಪೆಟ್ಟಿಗೆಯನ್ನು ಬಡಗಿಯಿಂದ ಮಾಡಿಸಿ, ಒಂದು ಡಬ್ಬಿ ತುಂಬ ಬೇರೆ ಬೇರೆ ಅಳತೆಯ ದೊಡ್ಡ ಗುಂಡಿಗಳನ್ನು ಬೆರೆಸಿ ಅವರ ಮುಂದಿಟ್ಟೆ. ಆಗ ಅವರು ಇನ್ನೂ ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವ ಹಂತಕ್ಕೆ ಬಂದಿರಲಿಲ್ಲ, ಆದರೂ ಒಬ್ಬರು ಪಕ್ಕದಲ್ಲಿ ಇದ್ದೇ ಇರುತ್ತಿದ್ದೆವು. ಅಚ್ಚು ಮುಗಿದ ಮೇಲೆ ಮೊಳೆಗಳನ್ನು ಒಂದೊಂದಾಗಿ ಅವುಗಳ ಖಾನೆಗೆ ಮರಳಿ ಹಾಕುವುದು ಅವರ ದಿನದ ಕೊನೆಯ ಕೆಲಸವಾಗಿತ್ತು. ಯಾರ ಹೆಸರೂ ನೆನಪಿಲ್ಲದ ಅವರ ಬೆರಳುಗಳಿಗೆ ಆ ಕೆಲಸ ನೆನಪಿತ್ತು. ಕೈಗಳು ಕಲಿತ ವಿದ್ಯೆ ಮಿದುಳಿನ ಬೇರೆ ಭಾಗಗಳನ್ನು ಆಶ್ರಯಿಸಿರುವುದರಿಂದ ಅದು ಹೆಚ್ಚು ಕಾಲ ಉಳಿಯುತ್ತದೆ. ಅವರು ಗುಂಡಿಯನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ತೆಗೆದುಕೊಂಡು, ನೋಡದೆಯೇ ಒಮ್ಮೆ ತಿರುಗಿಸಿ, ಅಳತೆಯನ್ನು ಬೆರಳಿನಿಂದಲೇ ತಿಳಿದು, ಸರಿಯಾದ ಖಾನೆಗೆ ಸಣ್ಣ ಸದ್ದಾಗುವಂತೆ ಬೀಳಿಸುತ್ತಿದ್ದರು. ಒಂದು ಗಂಟೆ, ಕೆಲವೊಮ್ಮೆ ಒಂದೂವರೆ ಗಂಟೆ, ಮನೆಯಲ್ಲಿ ಆ ಸದ್ದೊಂದೇ ಇರುತ್ತಿತ್ತು.

ಒಂದು ಸಂಜೆ ನಾನೂ ಪಕ್ಕದಲ್ಲಿ ಕುಳಿತು ಒಂದು ಗುಂಡಿಯನ್ನು ಹಾಕಿದೆ. ಅಪ್ಪ ಅದನ್ನು ಹೊರತೆಗೆದು ಪಕ್ಕದ ಖಾನೆಗೆ ಹಾಕಿ, ಸೌಜನ್ಯದಿಂದ, “ನೀವು ಹೊಸಬರಾ? ಪರವಾಗಿಲ್ಲ, ಕೈ ಕೂರುತ್ತದೆ” ಎಂದರು. ಹುಟ್ಟಿದಂದಿನಿಂದ ನನ್ನನ್ನು “ನೀನು” ಎನ್ನದೆ ಮಾತನಾಡಿಸದವರು ಅವರು. ಮಗನೆಂದು ಗುರುತಿಸದಿರುವ ದಿನ ಬರುತ್ತದೆಂದು ನನಗೆ ಗೊತ್ತಿತ್ತು, ಅದಕ್ಕೆ ಸಿದ್ಧನಾಗಿದ್ದೇನೆಂದೂ ತಿಳಿದಿದ್ದೆ; ಆದರೆ ಆ ಬಹುವಚನದ ಮರ್ಯಾದೆಗೆ ನಾನು ಸಿದ್ಧನಿರಲಿಲ್ಲ. “ನಾನು ನಿಮ್ಮ ಮಗ” ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು “ಹೌದು, ಹೊಸಬ. ಹೇಳಿಕೊಡಿ” ಎಂದೆ. ಅವರು ಹೇಳಿಕೊಟ್ಟರು.

ಇನ್ನೊಂದು ಸಂಗತಿಯನ್ನು, ಈ ಹಾದಿಯಲ್ಲಿ ಹೊಸದಾಗಿ ಹೆಜ್ಜೆ ಇಡುತ್ತಿರುವವರಿಗಾಗಿ, ಸ್ವಲ್ಪ ವಿವರವಾಗಿ ಬರೆಯಬೇಕು. ಐದನೆಯ ವರ್ಷ, ಎರಡೇ ದಿನಗಳಲ್ಲಿ ಅಪ್ಪ ಸಂಪೂರ್ಣ ಬದಲಾದರು. ಗೋಡೆಯ ಮೇಲೆ ಹುಳುಗಳಿವೆ ಎಂದರು, ರಾತ್ರಿಯಿಡೀ ಎದ್ದು ಕೂತರು, ಹಗಲು ಎಬ್ಬಿಸಿದರೂ ಏಳದಂತೆ ಮಲಗಿದರು, ಮತ್ತೆ ಒಂದು ಗಂಟೆ ಏನೂ ಆಗಿಲ್ಲದವರಂತೆ ಮಾತನಾಡಿದರು. ನಾವು ಮೊದಲು ಹೋದ ಕಡೆ, ಕಾಯಿಲೆ ಮುಂದಿನ ಹಂತಕ್ಕೆ ಹೋಗಿದೆಯೆಂದು ಹೇಳಿ, ಬೇರಾವ ಪರೀಕ್ಷೆಯನ್ನೂ ಮಾಡದೆ ಮನಸ್ಸನ್ನು ಮಂಪರುಗೊಳಿಸುವ ಮಾತ್ರೆ ಬರೆದುಕೊಟ್ಟರು. ಆ ಮಾತ್ರೆಯಿಂದ ಅಪ್ಪನ ಕೈಕಾಲು ಬಿಗಿದು, ಮೂರನೆಯ ದಿನ ಮಂಚದಿಂದ ಇಳಿಯುವಾಗ ಬಿದ್ದರು. ನರರೋಗ ತಜ್ಞರ ಬಳಿಗೆ ಓಡಿದಾಗ ಅವರು ಕೇಳಿದ ಮೊದಲ ಪ್ರಶ್ನೆ, “ಇದು ಎಷ್ಟು ದಿನದಿಂದ?” ಎಂಬುದು. ಡಿಮೆನ್ಷಿಯಾ ತಿಂಗಳುಗಳಲ್ಲಿ, ವರ್ಷಗಳಲ್ಲಿ ಇಳಿಯುತ್ತದೆ. ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಬಂದು, ಏರಿಳಿಯುತ್ತಿದ್ದರೆ ಅದು ಡೆಲಿರಿಯಂ, ಹಿಂದಿನವರು ಸನ್ನಿ ಎನ್ನುತ್ತಿದ್ದುದು, ಮತ್ತು ಅದರ ಹಿಂದೆ ಸೋಂಕೋ, ನೋವೋ, ಮಲಬದ್ಧತೆಯೋ, ನೀರಿನ ಕೊರತೆಯೋ, ಹೊಸ ಔಷಧಿಯೋ ಸಾಮಾನ್ಯವಾಗಿ ಇರುತ್ತದೆ. ಅಪ್ಪನಿಗೆ ಇದ್ದದ್ದು ಮೂತ್ರಕೋಶದ ಸೋಂಕು. ಉರಿಯುತ್ತಿದೆ ಎಂದು ಹೇಳಲು ಅವರಿಗೆ ಮಾತಿರಲಿಲ್ಲ, ಜ್ವರವೂ ಇರಲಿಲ್ಲ. ಸೋಂಕಿಗೆ ಔಷಧಿ ಕೊಟ್ಟು ಆ ಮಂಪರು ಮಾತ್ರೆಯನ್ನು ನಿಲ್ಲಿಸಿದ ಹನ್ನೆರಡು ದಿನಗಳಲ್ಲಿ ಅವರು ಮತ್ತೆ ಗುಂಡಿಯ ಪೆಟ್ಟಿಗೆಯ ಮುಂದೆ ಕುಳಿತರು. ಅಂತಹ ಮಾತ್ರೆಗಳು ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿಯೇ ಎಚ್ಚರಿಸಿತ್ತು. ಅವುಗಳ ಅಗತ್ಯವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಬೇರೆ ಎಲ್ಲ ದಾರಿ ಮುಗಿದ ಮೇಲೆ, ಕಡಿಮೆ ಪ್ರಮಾಣದಲ್ಲಿ, ಕಡಿಮೆ ಕಾಲಕ್ಕೆ, ಕಾರಣ ಕೇಳಿ ತಿಳಿದು ಕೊಡಬೇಕಾದವು ಅವು. ನಾನು ಅಂದು ಕೇಳಲಿಲ್ಲ.

ಇಷ್ಟರಲ್ಲಿ ಮನೆಯವರು ಸೋತಿದ್ದೆವು. ತಂಗಿ ದೂರದಿಂದ ಫೋನ್ ಮಾಡಿ, “ನನ್ನ ಹತ್ತಿರ ಚೆನ್ನಾಗೇ ಮಾತಾಡಿದರಲ್ಲ ಅಣ್ಣ” ಎಂದಾಗಲೆಲ್ಲ ನನಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. ಐದು ನಿಮಿಷದ ಫೋನಿನಲ್ಲಿ “ಹೂಂ”, “ಚೆನ್ನಾಗಿದ್ದೀನಮ್ಮ” ಎನ್ನುವಷ್ಟು ರೂಢಿಯ ಮಾತು ಬಹಳ ಕಾಲ ಉಳಿಯುತ್ತದೆ ಎನ್ನುವುದು ಅವಳಿಗೆ ತಿಳಿಯುವುದಾದರೂ ಹೇಗೆ? ಅದೇ ಶುಶ್ರೂಷಕಿ ನನ್ನ ಕೈಗೆ 22 ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಜಾರಿಟ್ ಎಂಬವರ ಹೆಸರಿನ, ಆರೈಕೆ ಮಾಡುವವರ ಹೊರೆಯನ್ನು ಅಳೆಯುವ ಪ್ರಶ್ನಾವಳಿ ಅದು; ಪ್ರತಿ ಪ್ರಶ್ನೆಗೆ ಸೊನ್ನೆಯಿಂದ 4, ಒಟ್ಟು 88. ನನಗೆ 51 ಬಂದಿತು. ಅಮ್ಮನಿಗೆ ಓದಿ ಹೇಳಿದಾಗ ಎಲ್ಲದಕ್ಕೂ “ಇಲ್ಲಪ್ಪ, ಏನೂ ಕಷ್ಟವಿಲ್ಲ” ಎಂದವರು, ಅಪ್ಪ ಇರುವುದರಿಂದ ಬೇರೆಯವರನ್ನು ಮನೆಗೆ ಕರೆಯಲು ಸಂಕೋಚವೇ ಎಂಬ ಪ್ರಶ್ನೆ ಬಂದಾಗ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಪ್ಪ ತಮ್ಮನ್ನು “ಈ ಹೆಂಗಸು ಯಾರ ಮನೆಯವರು?” ಎಂದು ಬಂದವರ ಮುಂದೆಲ್ಲ ಕೇಳಿದ್ದನ್ನು ಅವರು ಯಾರ ಬಳಿಯೂ ಆಡಿರಲಿಲ್ಲ. ಗಂಡ ಬದುಕಿರುವಾಗಲೇ ಗಂಡನನ್ನು ಕಳೆದುಕೊಂಡ ದುಃಖವನ್ನು ಹೇಳಿಕೊಳ್ಳಲು ಅವರಿಗೆ ಜಾಗವೇ ಇರಲಿಲ್ಲ. ಆ ಹಾಳೆಯನ್ನು ತಂಗಿಗೆ ಕಳುಹಿಸಿದೆ. ಅವಳು ಬಂದು ಹತ್ತು ದಿನ ಇದ್ದಳು, ನಾವು ಮೂವರೂ ಹೊರಗೆ ಹೋದೆವು. ಹಿಂದಿರುಗಿದಾಗ ಅವಳು ಏನೂ ಹೇಳಲಿಲ್ಲ. ಅಂದಿನಿಂದ ವರ್ಷಕ್ಕೆ ಮೂರು ಸಲ ಬರುತ್ತಾಳೆ.

ಹಗಲಿನ ಆರೈಕೆಗೆಂದು ಒಂದು ಸಂಸ್ಥೆ ಕಳುಹಿಸಿದ ಮೊದಲ ಹುಡುಗ ಅಪ್ಪನನ್ನು ಟಿವಿಯ ಮುಂದೆ ಕೂರಿಸಿ ಫೋನ್ ನೋಡುತ್ತಿದ್ದ. ಅವನನ್ನೇ ದೂರುವುದು ನ್ಯಾಯವಲ್ಲ. ಈ ಕಾಯಿಲೆ ಏನೆಂದು ಅವನಿಗೆ ಯಾರೂ ಕಲಿಸಿರಲಿಲ್ಲ, ನಾವೂ ಹೇಳಿರಲಿಲ್ಲ. ಎರಡನೆಯವರು ಬರುವ ಮೊದಲು ನಾನು ಒಂದು ಪುಟ ಬರೆದೆ. ಅಪ್ಪ ಏನು ಕೆಲಸ ಮಾಡಿದವರು, ಯಾವ ಹೆಸರಿನಿಂದ ಕರೆದರೆ ತಿರುಗಿ ನೋಡುತ್ತಾರೆ, ಯಾವ ಕಿವಿ ಮಂದ, ಹಿಂದಿನಿಂದ ಮುಟ್ಟಿದರೆ ಬೆಚ್ಚಿಬೀಳುತ್ತಾರೆ, ಎರಡು ಮಾತು ಒಟ್ಟಿಗೆ ಹೇಳಿದರೆ ಎರಡೂ ಅರ್ಥವಾಗುವುದಿಲ್ಲ, ಒಂದು ಹೇಳಿ ಹತ್ತು ಎಣಿಸುವಷ್ಟು ಕಾಯಬೇಕು. ಆ ಹಿರಿಯರು ಅದನ್ನು ಎರಡು ಸಲ ಓದಿ, ಮಡಚಿ ಜೇಬಿನಲ್ಲಿಟ್ಟುಕೊಂಡು, ಅಪ್ಪನ ಎದುರಿಗೆ ಕೆಳಗೆ ಕುಳಿತು, ಅವರ ಕಣ್ಣಿಗೆ ಕಾಣುವಂತೆ ಮುಖವೆತ್ತಿ, “ಯಜಮಾನರೇ, ಪ್ರೂಫು ಬಂದಿದೆ, ನೋಡುತ್ತೀರಾ?” ಎಂದರು. ನಾಲ್ಕು ವರ್ಷದಿಂದ ಅವರು ನಮ್ಮ ಜೊತೆಗಿದ್ದಾರೆ.

ಈಗ ಅಪ್ಪನಿಗೆ 82. ನಡೆಯುವುದಿಲ್ಲ, ಮಾತು ಹೆಚ್ಚುಕಡಿಮೆ ನಿಂತಿದೆ. ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತೇವೆ. ನೋವಿದೆಯೇ ಎಂದು ಕೇಳಿ ತಿಳಿಯುವಂತಿಲ್ಲವಾದ್ದರಿಂದ ಉಸಿರು, ನರಳಿಕೆ, ಮುಖಭಾವ, ಮೈಯ ಬಿಗಿ, ಸಮಾಧಾನ ಮಾಡಿದರೆ ಸುಮ್ಮನಾಗುತ್ತಾರೆಯೇ ಎಂಬ ಐದನ್ನು ನೋಡಿ ಅಂಕ ಹಾಕುವುದನ್ನು ಕಲಿತಿದ್ದೇವೆ. ನೀರು ಕುಡಿಸಿದರೆ ಕೆಮ್ಮು ಬರತೊಡಗಿದಾಗ, ನುಂಗುವಿಕೆಯ ತಜ್ಞರು ಹೇಳಿದಂತೆ ನೆಟ್ಟಗೆ ಕೂರಿಸಿ, ಗಟ್ಟಿ ಮಾಡಿದ ದ್ರವವನ್ನು ಚಿಕ್ಕ ಚಮಚದಲ್ಲಿ ಕೊಟ್ಟು, ನುಂಗಿದರೆಂದು ಗಂಟಲನ್ನು ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಮುಂದಿನ ಚಮಚ. ಹೊಟ್ಟೆಗೆ ಕೊಳವೆ ಹಾಕುವ ಮಾತು ಬಂದಾಗ ನಾವೆಲ್ಲ ಒಟ್ಟಿಗೆ ಕುಳಿತೆವು. ಈ ಹಂತದಲ್ಲಿ ಕೊಳವೆ ಆಯುಷ್ಯವನ್ನು ಹೆಚ್ಚಿಸುವುದಾಗಲಿ, ಶ್ವಾಸಕೋಶಕ್ಕೆ ಆಹಾರ ಹೋಗಿ ಬರುವ ನ್ಯುಮೋನಿಯಾವನ್ನು ತಡೆಯುವುದಾಗಲಿ ಕಂಡುಬಂದಿಲ್ಲವೆಂದೂ, ಕೈಯಿಂದ ಉಣಿಸುವುದನ್ನೇ ವೃದ್ಧರ ವೈದ್ಯರು ಒಳ್ಳೆಯದೆನ್ನುತ್ತಾರೆಂದೂ ನಮ್ಮ ವೈದ್ಯರು ತಿಳಿಸಿದರು. ಅಪ್ಪ ಸ್ವತಃ, ಮೊದಲ ವರ್ಷದಲ್ಲಿ, “ನನಗೆ ಪೈಪು ಗಿಯಿಪು ಬೇಡ” ಎಂದದ್ದನ್ನು ಅಮ್ಮ ದಿನಾಂಕ ಹಾಕಿ ಬರೆದಿಟ್ಟಿದ್ದರು. ಒಂದು ಊಟಕ್ಕೆ ಈಗ ಐವತ್ತು ನಿಮಿಷ ಹಿಡಿಯುತ್ತದೆ. ಸಂಜೆಯ ಊಟ ನನ್ನದು, ಬೆಳಗಿನದು ಅಮ್ಮನದು.

ಗುಂಡಿಯ ಪೆಟ್ಟಿಗೆಯನ್ನು ಮೇಲೆ ಎತ್ತಿಟ್ಟಿದ್ದೇವೆ. ಆದರೆ ಅಪ್ಪನ ಎಡಗೈ ಹೊದಿಕೆಯ ಮೇಲೆ ಅರ್ಧ ತೆರೆದುಕೊಂಡು, ಹೆಬ್ಬೆರಳು ಒಳಕ್ಕೆ ಬಾಗಿ, ಜೋಡಿಸಿದ ಸಾಲು ಜಾರದಂತೆ ಒತ್ತಿ ಹಿಡಿಯುವ ಕೈಯಂತೆಯೇ ಇರುತ್ತದೆ. ನಿನ್ನೆ ಅಮ್ಮ ಅವರಿಗೆ ಉಣಿಸಿ ಬಾಯಿ ಒರೆಸಿದ ಮೇಲೆ, ತಮ್ಮ ತೋರುಬೆರಳನ್ನು ಆ ಅಂಗೈಯೊಳಗೆ ಇಟ್ಟರು. ಹೆಬ್ಬೆರಳು ನಿಧಾನವಾಗಿ ಬಂದು ಅದನ್ನು ಅದುಮಿತು. ಅಮ್ಮ ಹಾಗೆಯೇ ಕುಳಿತಿದ್ದರು, ಅವರು ನಿದ್ದೆ ಹೋಗುವವರೆಗೆ.